"ನೋವು ಬಂದ ಮೇಲೆ ಎಷ್ಟು ಹೊತ್ತು ಕಾಯ್ತೀರಿ?": ಖಾಸಗಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ತಯಾರಿ

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮೊದಲ ಸಲ ಬಸುರಿಯಾದಾಗ ಮೂರು ಆಸ್ಪತ್ರೆ ಸುತ್ತಿ ಬಂದಿದ್ದಳು. ಪ್ಯಾಕೇಜ್ ಎಷ್ಟು, ಸಿಂಗಲ್ ರೂಮಾ, ಗಂಡನಿಗೆ ಮಲಗಲು ಜಾಗ ಇದೆಯಾ, ಇನ್ಶೂರೆನ್ಸ್ ಕ್ಯಾಶ್‌ಲೆಸ್ಸಾ, ಎಲ್ಲ ಕೇಳಿ ಒಂದು ಸಣ್ಣ ಡೈರಿಯಲ್ಲಿ ಬರೆದಿಟ್ಟಿದ್ದಳು. ಹೆರಿಗೆ ಸಿಸೇರಿಯನ್ ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಎರಡೂವರೆ ವರ್ಷ ಕಳೆದು ಮತ್ತೆ ಬಸುರಿಯಾದಾಗ ಒಂದು ರಾತ್ರಿ ಫೋನ್ ಮಾಡಿದಳು. "ಅಕ್ಕಾ, ನೋವು ಬಂದ ಮೇಲೆ ಎಷ್ಟು ಹೊತ್ತು ಕಾಯ್ತೀರಿ ಅಂತ ಒಂದೇ ಒಂದು ಮಾತು ಕೇಳ್ಬೇಕಿತ್ತು. ಅದನ್ನೇ ಕೇಳಿರಲಿಲ್ಲ ನೋಡು" ಅಂದಳು.

ಆ ಒಂದು ಪ್ರಶ್ನೆಯಿಂದಲೇ ಈ ಲೇಖನ ಶುರುವಾಯಿತು. ಸಹಜ ಹೆರಿಗೆ ಬೇಕು ಅಂತ ಹೇಳುವವರು ತುಂಬಾ ಜನ. ಅದಕ್ಕೆ ಏನು ಬೇಕಾಗುತ್ತದೆ, ಖಾಸಗಿ ಆಸ್ಪತ್ರೆಯ ಒಳಗೆ ಅದು ಎಲ್ಲಿ ಎಡವುತ್ತದೆ, ಮೊದಲೇ ಏನೇನು ಮಾತಾಡಿಕೊಳ್ಳಬಹುದು ಅನ್ನುವುದನ್ನು ಕೂರಿಸಿಕೊಂಡು ಹೇಳುವವರು ಕಡಿಮೆ. ಇಲ್ಲಿರುವುದು ತಿಳಿವಳಿಕೆಗೆ. ನಿಮ್ಮ ದೇಹಕ್ಕೆ ಯಾವುದು ಸರಿ ಅಂತ ಹೇಳಬೇಕಾದವರು ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರೇ.

'ನಾರ್ಮಲ್' ಅಂದರೆ ಯಾವುದು?

ನಮ್ಮಲ್ಲಿ ಹೊಟ್ಟೆ ಕೊಯ್ಯದೆ ಆದದ್ದೆಲ್ಲ 'ನಾರ್ಮಲ್'. ಆದರೆ ಆ ಒಂದೇ ಪದದ ಕೆಳಗೆ ಬೇರೆ ಬೇರೆ ಹೆರಿಗೆಗಳಿವೆ.

ತಾನಾಗಿ ನೋವು ಬಂದು, ಯಾವ ಔಷಧಿಯೂ ಇಲ್ಲದೆ, ತಾಯಿ ತನ್ನ ಶಕ್ತಿಯಿಂದಲೇ ಮಗುವನ್ನು ಹೆತ್ತರೆ ಅದು ಪೂರ್ತಿ ಸಹಜ ಹೆರಿಗೆ. ಔಷಧಿ ಕೊಟ್ಟು ನೋವು ಬರಿಸಿ ಆಗುವ ಹೆರಿಗೆ ಇನ್ನೊಂದು. ಬೆನ್ನಿಗೆ ಎಪಿಡ್ಯೂರಲ್ ಚುಚ್ಚಿ ನೋವು ತಗ್ಗಿಸಿ ಆಗುವ ಹೆರಿಗೆ ಮತ್ತೊಂದು. ಆಸ್ಪತ್ರೆಗಳ ಬೋರ್ಡಿನಲ್ಲಿ 'ಪೇನ್‌ಲೆಸ್ ಡೆಲಿವರಿ' ಅಂತ ಇರುವುದು ಇದೇ. ಕೊನೆಗೆ ಮಗುವಿನ ತಲೆ ಹೊರಬರಲು ವ್ಯಾಕ್ಯೂಮ್ ಕಪ್ ಅಥವಾ ಫೋರ್ಸೆಪ್ಸ್ ಎಂಬ ಇಕ್ಕಳ ಬಳಸಿದರೂ ಅದು ನಾರ್ಮಲ್ ಲೆಕ್ಕದಲ್ಲೇ ಬರುತ್ತದೆ. ಹೆರಿಗೆಯ ದಾರಿ ಅಗಲವಾಗಲೆಂದು ಕೆಳಗೆ ಕತ್ತರಿಸಿ ಹೊಲಿಗೆ ಹಾಕಿದರೂ ಅಷ್ಟೇ.

ಡಾಕ್ಟರು "ನಾರ್ಮಲ್‌ಗೇ ಟ್ರೈ ಮಾಡೋಣ" ಅಂದಾಗ ಇವುಗಳಲ್ಲಿ ಯಾವುದು ಅವರ ಮನಸ್ಸಿನಲ್ಲಿದೆ, ನಿಮ್ಮ ಮನಸ್ಸಿನಲ್ಲಿ ಯಾವುದಿದೆ ಅಂತ ಒಮ್ಮೆ ಬಿಡಿಸಿ ಕೇಳಿ. ಎಷ್ಟೋ ಸಲ ಇಬ್ಬರೂ ಒಂದೇ ಪದ ಹೇಳುತ್ತಿರುತ್ತಾರೆ, ಬೇರೆ ಬೇರೆ ಯೋಚಿಸುತ್ತಿರುತ್ತಾರೆ.

ಹೆರಿಗೆಗೆ ಎಷ್ಟು ಹೊತ್ತು ಬೇಕು?

ಗರ್ಭಕೋಶವನ್ನು ತಲೆಕೆಳಗಾದ ಒಂದು ಚೀಲ ಅಂದುಕೊಳ್ಳಿ. ಕೆಳಗಿನ ಬಾಯಿಯನ್ನು ಒಂಬತ್ತು ತಿಂಗಳು ದಾರ ಎಳೆದು ಬಿಗಿದಂತೆ ಇರುತ್ತದೆ. ಆ ಬಾಯಿ ಮೊದಲು ಮೆತ್ತಗಾಗಬೇಕು, ಆಮೇಲೆ ತೆಳುವಾಗಬೇಕು, ಆಮೇಲೆ 10 ಸೆಂಟಿಮೀಟರ್‌ವರೆಗೆ ತೆರೆಯಬೇಕು. ಪ್ರತಿ ಸಲ ನೋವು ಬಂದಾಗ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುತ್ತದಲ್ಲ, ಆಗ ಗರ್ಭಕೋಶ ಆ ಬಾಯಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿರುತ್ತದೆ. "ಎರಡು ಬೆರಳು ಬಾಯಿ ಬಿಟ್ಟಿದೆ" ಅಂತ ನರ್ಸ್ ಹೇಳುವುದು ಇದರ ಅಳತೆಯನ್ನೇ.

ಮೊದಮೊದಲ ನೋವು ನಿಧಾನ. ಬರುತ್ತದೆ, ಹೋಗುತ್ತದೆ, ರಾತ್ರಿಯೆಲ್ಲ ಇದ್ದು ಬೆಳಗ್ಗೆ ನಿಂತೂ ಹೋಗಬಹುದು. ಮೊದಲ ಹೆರಿಗೆಯಲ್ಲಿ ಈ ಹಂತ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಬಾಯಿ ಸುಮಾರು 5 ಸೆಂ.ಮೀ. ತೆರೆದ ಮೇಲೆ ವೇಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಈ ಜೋರು ಹಂತ ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಯ ಒಳಗೆ, ಆಮೇಲಿನ ಹೆರಿಗೆಗಳಲ್ಲಿ 10 ಗಂಟೆಯ ಒಳಗೆ ಮುಗಿಯುತ್ತದೆ. ಪೂರ್ತಿ ತೆರೆದ ಮೇಲೆ ಮುಕ್ಕುವ, ಅಂದರೆ ಮಗುವನ್ನು ಹೊರಕ್ಕೆ ತಳ್ಳುವ ಹಂತ. ಅದಕ್ಕೆ ಮೊದಲ ಸಲ 3 ಗಂಟೆಯವರೆಗೆ, ಮುಂದಿನ ಸಲ 2 ಗಂಟೆಯವರೆಗೆ ಬೇಕಾಗಬಹುದು. ಮಗು ಬಂದ ಮೇಲೆ ಮಾಸು (ಪ್ಲಾಸೆಂಟಾ) ಬೀಳುತ್ತದೆ.

ಇಲ್ಲಿ ಒಂದು ಹಳೆಯ ಲೆಕ್ಕದ ಕಥೆ ಹೇಳಲೇಬೇಕು. ಎಮ್ಯಾನುಯೆಲ್ ಫ್ರೀಡ್‌ಮನ್ ಎಂಬ ಅಮೆರಿಕದ ಡಾಕ್ಟರು 1950ರ ದಶಕದಲ್ಲಿ ಹೆರಿಗೆಯ ವೇಗವನ್ನು ಗ್ರಾಫಿನಲ್ಲಿ ಬರೆದಿಟ್ಟರು. ಅದರಿಂದ 'ಗಂಟೆಗೆ ಒಂದು ಸೆಂಟಿಮೀಟರ್' ಅನ್ನುವ ಲೆಕ್ಕ ಪ್ರಪಂಚದ ಲೇಬರ್ ವಾರ್ಡ್‌ಗಳಿಗೆಲ್ಲ ಹಬ್ಬಿತು. ಅದಕ್ಕಿಂತ ನಿಧಾನವಾದರೆ 'ಮುಂದಕ್ಕೆ ಹೋಗ್ತಿಲ್ಲ' ಅಂತ ಷರಾ ಬೀಳುತ್ತಿತ್ತು. 2018ರ ಸೂಚನೆಗಳು ಈ ಲೆಕ್ಕ ಎಲ್ಲ ಹೆಂಗಸರಿಗೂ ಹೊಂದುವುದಿಲ್ಲ, ತಾಯಿ ಮಗು ಚೆನ್ನಾಗಿದ್ದರೆ ಬರೀ ಈ ಕಾರಣಕ್ಕೆ ಅವಸರ ಮಾಡಬೇಡಿ ಎಂದು ಸ್ಪಷ್ಟವಾಗಿ ಹೇಳಿವೆ.

ಅಂದರೆ ಸಹಜ ಹೆರಿಗೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಹೊತ್ತು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು ಇರಬೇಕು. ಕಾಯುತ್ತಾ ಕೂರುವ, ನಡುನಡುವೆ ಮಗುವಿನ ಎದೆಬಡಿತ ಕೇಳುವ, ಏನಾದರೂ ಹೆಚ್ಚುಕಡಿಮೆ ಆದರೆ ತಕ್ಷಣ ಗುರುತಿಸುವ ಒಬ್ಬರು. ಖಾಸಗಿ ಆಸ್ಪತ್ರೆಯಲ್ಲಿ ತೊಡಕಾಗುವುದು ಇಲ್ಲೇ.

ಖಾಸಗಿಯಲ್ಲಿ ಸಿಸೇರಿಯನ್ ಯಾಕೆ ಜಾಸ್ತಿ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ ಒಟ್ಟು ಹೆರಿಗೆಗಳಲ್ಲಿ ಶೇ. 21.5 ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಖಾಸಗಿಯಲ್ಲಿ ಶೇ. 47.4, ಅಂದರೆ ಹೆಚ್ಚುಕಡಿಮೆ ಎರಡರಲ್ಲಿ ಒಂದು. ಕರ್ನಾಟಕದಲ್ಲಿ ಸರ್ಕಾರಿ, ಖಾಸಗಿ ಎಲ್ಲ ಸೇರಿ ಶೇ. 31.5. ಇಡೀ ಜನಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಸಿಸೇರಿಯನ್ ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ ಮಗುವಿನ ಸಾವು ಇನ್ನಷ್ಟು ಕಡಿಮೆಯಾಗುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು.

"ದುಡ್ಡಿಗೋಸ್ಕರ ಕೊಯ್ತಾರೆ" ಅನ್ನುವ ಮಾತು ಮನೆಮನೆಯಲ್ಲೂ ಇದೆ. ಸಿಸೇರಿಯನ್ ಬಿಲ್ ದೊಡ್ಡದು ಅನ್ನುವುದು ನಿಜ. ಆದರೆ ಅದೊಂದೇ ಕಾರಣ ಅಂದುಕೊಂಡರೆ ಮಿಕ್ಕಿದ್ದು ಕಣ್ಣಿಗೆ ಬೀಳುವುದಿಲ್ಲ.

ಒಬ್ಬ ಡಾಕ್ಟರ ದಿನವನ್ನು ನೋಡೋಣ. ಸಣ್ಣ ನರ್ಸಿಂಗ್ ಹೋಮ್. ಬೆಳಗ್ಗೆ ಹತ್ತಕ್ಕೆ ಓಪಿಡಿ, ಹೊರಗೆ ನಲವತ್ತು ಜನ. ಮೇಲಿನ ಮಹಡಿಯಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ. ಸಂಜೆ ಮತ್ತೆ ಓಪಿಡಿ. ಅರಿವಳಿಕೆ ಡಾಕ್ಟರು ಈ ಆಸ್ಪತ್ರೆಯವರಲ್ಲ, ಫೋನ್ ಮಾಡಿದರೆ ಊರಿನ ಇನ್ನೊಂದು ತುದಿಯಿಂದ ಬರಬೇಕು. ರಕ್ತ ಬೇಕಾದರೆ ಹೊರಗಿನ ಬ್ಲಡ್ ಬ್ಯಾಂಕಿಗೆ ಓಡಬೇಕು. ರಾತ್ರಿ ಎರಡು ಗಂಟೆಗೆ ಮಗುವಿನ ಎದೆಬಡಿತ ಇಳಿದರೆ ಅರ್ಧ ಗಂಟೆಯಲ್ಲಿ ಆಪರೇಷನ್ ಮಾಡಲು ಅಲ್ಲಿ ಜನ ಇಲ್ಲ. ಹಾಗಿರುವಾಗ ಸಂಜೆ ಏಳಕ್ಕೇ ಮಾಡಿ ಮುಗಿಸುವುದು ಅವರಿಗೆ ಕ್ಷೇಮ ಅನ್ನಿಸುತ್ತದೆ. ಅವರ ಜಾಗದಲ್ಲಿ ನಿಂತು ನೋಡಿದರೆ ಆ ಭಯ ಸುಳ್ಳಲ್ಲ. ಮಗುವಿಗೆ ಏನಾದರೂ ಆದರೆ ಕೋರ್ಟು, ಕೆಲವೊಮ್ಮೆ ಆಸ್ಪತ್ರೆಯ ಗಾಜು ಒಡೆಯುವ ಜನ. "ಯಾಕೆ ಸಿಸೇರಿಯನ್ ಮಾಡಿದ್ರಿ" ಅಂತ ಜಗಳಕ್ಕೆ ಬರುವವರಿಗಿಂತ "ಯಾಕೆ ಬೇಗ ಮಾಡ್ಲಿಲ್ಲ" ಅಂತ ಬರುವವರೇ ಜಾಸ್ತಿ.

ಇನ್ನು ಖಾಸಗಿಯಲ್ಲಿ ಹೆಚ್ಚಿನವರು ತಮ್ಮದೇ ಡಾಕ್ಟರು ಬಂದು ಹೆರಿಗೆ ಮಾಡಿಸಬೇಕು ಅಂತ ಬಯಸುತ್ತಾರೆ. ಅದಕ್ಕೇ ಅಲ್ವಾ ಅಲ್ಲಿಗೆ ಹೋಗುವುದು? ಆದರೆ ಒಬ್ಬ ಡಾಕ್ಟರಿಗೆ ಇಪ್ಪತ್ತನಾಲ್ಕು ಗಂಟೆ, ಮುನ್ನೂರ ಅರವತ್ತೈದು ದಿನ ಎಚ್ಚರವಾಗಿರಲು ಆಗುವುದಿಲ್ಲ. ಪಾಳಿಯಲ್ಲಿ ಕೆಲಸ ಮಾಡುವ ತಂಡ ಇರುವ ಕಡೆ ಕಾಯುವುದು ಸುಲಭ.

ಜೊತೆಗೆ ತಾಯಂದಿರ ಕಡೆಯ ಕಾರಣಗಳೂ ಇವೆ. ತಡವಾಗಿ ಮಕ್ಕಳು, ಬಿಪಿ, ಶುಗರ್, ಐವಿಎಫ್, ಮೊದಲ ಹೆರಿಗೆಯೇ ಸಿಸೇರಿಯನ್ ಆಗಿರುವುದು. ನೋವಿನ ಭಯದಿಂದ ತಾವೇ ಕೇಳುವವರಿದ್ದಾರೆ. ಮುಹೂರ್ತ ನೋಡಿಸಿ ಟೈಮ್ ಬರೆಸಿಕೊಂಡು ಬರುವ ಮನೆಯವರಿದ್ದಾರೆ. ಕಾರಣವಿಲ್ಲದೆ 39 ವಾರ ತುಂಬುವ ಮೊದಲೇ ಮುಹೂರ್ತಕ್ಕೆ ಮಗುವನ್ನು ತೆಗೆಸಿದರೆ ಉಸಿರಾಟದ ತೊಂದರೆಯಾಗಿ ಮಗು ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ವಾರ್ಡ್) ಸೇರುವ ಸಾಧ್ಯತೆ ಹೆಚ್ಚು. ಇದನ್ನು ಮನೆಯ ಹಿರಿಯರಿಗೆ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

ಯಾವಾಗ ಬೇಕೇ ಬೇಕು, ಯಾವಾಗ ಕೇಳಬಹುದು?

ಕೆಲವು ಸಂದರ್ಭಗಳಲ್ಲಿ ಸಿಸೇರಿಯನ್ ಬಿಟ್ಟು ದಾರಿಯಿಲ್ಲ. ಮಾಸು ಗರ್ಭಕೋಶದ ಬಾಯಿಗೇ ಅಡ್ಡ ಕೂತಿದ್ದರೆ, ಹೆರಿಗೆ ನೋವಿನ ಹೊತ್ತಿಗೂ ಮಗು ಅಡ್ಡವೇ ಮಲಗಿದ್ದರೆ, ಮಗುವಿಗಿಂತ ಮುಂಚೆ ಹೊಕ್ಕುಳಬಳ್ಳಿ ಕೆಳಗೆ ಜಾರಿದರೆ, ಬಾಯಿ ತೆರೆಯುವ ಮೊದಲೇ ಮಗುವಿನ ಎದೆಬಡಿತ ಇಳಿದು ಮೇಲೇಳದಿದ್ದರೆ ಸಿಸೇರಿಯನ್ ಬೇಕೇ ಬೇಕು. ಕೊನೆಯ ಎರಡರಲ್ಲಂತೂ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಆಗ ಪ್ಲ್ಯಾನ್ ಪಕ್ಕಕ್ಕಿಡಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.

ಇನ್ನು ಕೆಲವು ಮಾತುಗಳನ್ನು ಕೇಳಿದ ಕೂಡಲೇ ಮನೆಮಂದಿ ಹೆದರುತ್ತಾರೆ. ಅಲ್ಲಿ ನಿಧಾನವಾಗಿ ಪ್ರಶ್ನೆ ಕೇಳಲು ಅವಕಾಶವಿದೆ.

'ಕೊರಳಿಗೆ ಬಳ್ಳಿ ಸುತ್ತಿದೆ' ಅನ್ನುವುದು ಅದರಲ್ಲಿ ಮೊದಲನೆಯದು. ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಮಕ್ಕಳ ಕೊರಳಿಗೆ ಬಳ್ಳಿ ಸುತ್ತಿಕೊಂಡೇ ಇರುತ್ತದೆ. ಹೊಟ್ಟೆಯಲ್ಲಿ ಮಗು ಮೂಗಿನಿಂದ ಉಸಿರಾಡುವುದಿಲ್ಲ, ಬಳ್ಳಿಯಿಂದಲೇ ಎಲ್ಲ ಸಿಗುತ್ತದೆ. ಹಾಗಾಗಿ ಕೊರಳು ಬಿಗಿಯುತ್ತದೆ ಅನ್ನುವ ಭಯ ಬೇಡ. ತಲೆ ಹೊರಬಂದಾಗ ಬೆರಳಿನಿಂದ ಸರಿಸಿಬಿಡುತ್ತಾರೆ. ಸ್ಕ್ಯಾನ್‌ನಲ್ಲಿ ಹೀಗೆ ಕಂಡಿದೆ ಅನ್ನುವುದೊಂದೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ. ನೋವಿನ ಹೊತ್ತಿನಲ್ಲಿ ಎದೆಬಡಿತ ಹೇಗಿದೆ ಅನ್ನುವುದು ಮುಖ್ಯ. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ.

'ಮಗು ದೊಡ್ಡದಿದೆ' ಅನ್ನುವುದು ಇನ್ನೊಂದು. ಸ್ಕ್ಯಾನ್ ಹೇಳುವ ತೂಕ ಅಂದಾಜು ಮಾತ್ರ. ಮೂರೂವರೆ ಕೆಜಿ ಅಂತ ಬಂದದ್ದು ಹುಟ್ಟಿದಾಗ ಮೂರು ಕೆಜಿ ಇರಬಹುದು, ಅದಕ್ಕೆ ತದ್ವಿರುದ್ಧವೂ ಆಗಬಹುದು. ತಾಯಿಗೆ ಶುಗರ್ ಇದ್ದರೆ ಮಾತ್ರ ಈ ಅಂದಾಜಿಗೆ ಹೆಚ್ಚು ಬೆಲೆ.

'ಡೇಟ್ ದಾಟಿತು' ಅನ್ನುವುದು ಮೂರನೆಯದು. ಕೊಟ್ಟ ಡೇಟಿಗೇ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು. ಮೊದಲ ಮಗು ನಾಲ್ಕಾರು ದಿನ ತಡ ಮಾಡುವುದು ಮಾಮೂಲು. ಆದರೆ 41 ವಾರ ದಾಟಿದ ಮೇಲೆ ಮಗುವಿಗೆ ಅಪಾಯ ನಿಧಾನವಾಗಿ ಏರುತ್ತದೆ. ಆಗ 'ಇನ್ನೂ ಕಾಯ್ತೀನಿ' ಅಂತ ಹಟ ಮಾಡುವುದು ಸರಿಯಲ್ಲ.

ಮಗುವಿನ ತಲೆ ಮೇಲಿದ್ದು ಕುಂಡಿ ಕೆಳಗಿರುವುದು ನಾಲ್ಕನೆಯದು. ದಿನ ತುಂಬುವ ಹೊತ್ತಿಗೆ ನೂರಕ್ಕೆ ಮೂರು ನಾಲ್ಕು ಮಕ್ಕಳು ಹೀಗಿರುತ್ತವೆ. ಹೊಟ್ಟೆಯ ಮೇಲಿನಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸುವ ವಿಧಾನವೊಂದಿದೆ. ಸುಮಾರು ಅರ್ಧದಷ್ಟು ಜನರಲ್ಲಿ ಅದು ಫಲಿಸುತ್ತದೆ. ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇರುವ ಕಡೆ, ಅದರಲ್ಲಿ ಪಳಗಿದವರು ಮಾತ್ರ ಮಾಡಬೇಕು. ನಿಮ್ಮ ಆಸ್ಪತ್ರೆಯಲ್ಲಿ ಮಾಡುತ್ತಾರಾ ಅಂತ ಕೇಳಬಹುದು.

ನೋವು ಬರಿಸುವುದು

ಖಾಸಗಿ ಆಸ್ಪತ್ರೆಗೆ ಹೋದವರಲ್ಲಿ ಎಷ್ಟೋ ಜನರಿಗೆ ಇದು ಎದುರಾಗುತ್ತದೆ. ಬಾಯಿ ಮೆತ್ತಗಾಗಲು ಜೆಲ್ ಇಡುತ್ತಾರೆ ಅಥವಾ ಮಾತ್ರೆ ಕೊಡುತ್ತಾರೆ. ಕೆಲವೊಮ್ಮೆ ಸಣ್ಣ ಬಲೂನ್ ಇರುವ ಕೊಳವೆ ಹಾಕಿ ನೀರು ತುಂಬಿಸುತ್ತಾರೆ. ಆಮೇಲೆ ಆಕ್ಸಿಟೋಸಿನ್ ಡ್ರಿಪ್. ಆಕ್ಸಿಟೋಸಿನ್ ನಮ್ಮ ದೇಹವೇ ಮಾಡುವ ರಸ, ಅದನ್ನೇ ಹೊರಗಿನಿಂದ ಕೊಡುವುದು. ಡ್ರಿಪ್‌ನ ನೋವು ಹೆಚ್ಚಾಗಿ ಬೇಗ ಬೇಗ, ಜೋರಾಗಿ ಬರುತ್ತದೆ. ಅದಕ್ಕೇ ಡ್ರಿಪ್ ಹಾಕಿದ ಮೇಲೆ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಾರೆ. ಆ ಬೆಲ್ಟ್ ಕಟ್ಟಿದರೆ ಓಡಾಡುವುದು ಕಷ್ಟ. ಓಡಾಟ ನಿಂತರೆ ನೋವು ತಡೆಯುವುದು ಇನ್ನೂ ಕಷ್ಟ. ಒಂದನ್ನು ಎಳೆದರೆ ಇನ್ನೊಂದು ಹಿಂದೆಯೇ ಬರುತ್ತದೆ.

ಹಾಗಂತ ನೋವು ಬರಿಸಿದರೆ ಸಿಸೇರಿಯನ್ ಗ್ಯಾರಂಟಿ ಅನ್ನುವುದು ತಪ್ಪು ತಿಳಿವಳಿಕೆ. 2018ರಲ್ಲಿ ಅಮೆರಿಕದಲ್ಲಿ ಮೊದಲ ಹೆರಿಗೆಯ, ಅಪಾಯವಿಲ್ಲದ ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಶೇ. 18.6, ಕಾದವರಲ್ಲಿ ಶೇ. 22.2 ಸಿಸೇರಿಯನ್ ಆಯಿತು. ಆದರೆ ಅಲ್ಲಿ ಔಷಧಿ ಕೆಲಸ ಮಾಡಲು ಸಾಕಷ್ಟು ಹೊತ್ತು ಕೊಟ್ಟಿದ್ದರು. ಬೆಳಗ್ಗೆ ಜೆಲ್ ಇಟ್ಟು ಸಂಜೆಗೆ 'ಬಾಯಿ ತೆರೆಯಲಿಲ್ಲ' ಅಂದರೆ ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನನ್ನ ತಂಗಿಗೆ ಆದದ್ದು ಹೀಗೇ. ಬೆಳಗ್ಗೆ ಆರಕ್ಕೆ ಅಡ್ಮಿಟ್, ಏಳಕ್ಕೆ ಜೆಲ್, ಮಧ್ಯಾಹ್ನ ಡ್ರಿಪ್, ರಾತ್ರಿ ಎಂಟಕ್ಕೆ ಥಿಯೇಟರ್. ಆಗ 3 ಸೆಂ.ಮೀ. ತೆರೆದಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು ಅಂತ ಅವಳ ಫೈಲಿನಲ್ಲೇ ಇದೆ.

ಹಾಗಾಗಿ ಡಾಕ್ಟರು ಈ ಮಾತು ತೆಗೆದಾಗ ಕೇಳಬೇಕಾದ್ದು: ಈಗಲೇ ಯಾಕೆ, ಎರಡು ದಿನ ಕಾದರೆ ಏನಾಗುತ್ತದೆ, ನನ್ನ ಗರ್ಭಕೋಶದ ಬಾಯಿ ಮೆತ್ತಗಾಗಿದೆಯಾ, ಔಷಧಿ ಕೊಟ್ಟ ಮೇಲೆ ಎಷ್ಟು ಹೊತ್ತು ನೋಡುತ್ತೀರಿ.

ಆಸ್ಪತ್ರೆ ಆರಿಸುವಾಗ

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಅರ್ಧ ಭಾಗ ಇದೇ. ಯೋಗ, ಉಸಿರಾಟ, ಖರ್ಜೂರ ಎಲ್ಲ ಆಮೇಲೆ.

ನಮ್ಮಲ್ಲಿ ಒಂದು ವಿಶೇಷ ತೊಡಕಿದೆ. ಮೊದಲ ಹೆರಿಗೆ ತವರಿನಲ್ಲಿ. ಆರೇಳು ತಿಂಗಳು ಬೆಂಗಳೂರಿನ ಡಾಕ್ಟರು, ಸೀಮಂತ ಮುಗಿಸಿಕೊಂಡು ಹಾಸನಕ್ಕೋ ಹುಬ್ಬಳ್ಳಿಗೋ ಹೊರಟರೆ ಅಲ್ಲಿ ಹೊಸ ಡಾಕ್ಟರು. ಇಲ್ಲಿ ಮಾತಾಡಿಕೊಂಡದ್ದೆಲ್ಲ ಇಲ್ಲೇ ಉಳಿಯುತ್ತದೆ. ಎಂಟನೇ ತಿಂಗಳಲ್ಲಿ ಬಂದ ಹೊಸ ಬಸುರಿಯ ಬಗ್ಗೆ ಆ ಡಾಕ್ಟರಿಗೂ ಏನೂ ಗೊತ್ತಿರುವುದಿಲ್ಲ. ತವರಿಗೆ ಹೋಗುವುದು ಗಟ್ಟಿಯಾಗಿದ್ದರೆ ನಾಲ್ಕನೇ ಐದನೇ ತಿಂಗಳಲ್ಲೇ ಒಮ್ಮೆ ಊರಿಗೆ ಹೋಗಿ ಅಲ್ಲಿಯ ಆಸ್ಪತ್ರೆ ನೋಡಿ ಬನ್ನಿ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್, ರಕ್ತ ಪರೀಕ್ಷೆಯ ವರದಿ ಒಂದೇ ಫೈಲಿನಲ್ಲಿರಲಿ.

ಇನ್ನು ಕೇಳುವ ಪ್ರಶ್ನೆ. "ನಿಮ್ಮಲ್ಲಿ ಎಷ್ಟು ಪರ್ಸೆಂಟ್ ಸಿಸೇರಿಯನ್?" ಅಂದರೆ ಸರಿಯಾದ ಉತ್ತರ ಸಿಗುವುದಿಲ್ಲ. ಕಷ್ಟದ ಕೇಸುಗಳೆಲ್ಲ ಬಂದು ಸೇರುವ ದೊಡ್ಡ ಆಸ್ಪತ್ರೆಯಲ್ಲಿ ಸಹಜವಾಗಿಯೇ ಜಾಸ್ತಿ ಇರುತ್ತದೆ. ಮೈಕೆಲ್ ರಾಬ್ಸನ್ ಎಂಬ ಹೆರಿಗೆ ತಜ್ಞರು 2001ರಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಹೆರಿಗೆಗೆ ಬಂದವರನ್ನೆಲ್ಲ ಹತ್ತು ಗುಂಪು ಮಾಡಿ ಒಂದೊಂದು ಗುಂಪಿನ ಲೆಕ್ಕ ಬೇರೆ ಬೇರೆ ಬರೆಯುವುದು. ಅದರ ಮೊದಲ ಗುಂಪು ಹೀಗಿದೆ: ಮೊದಲ ಹೆರಿಗೆ, ಒಂದೇ ಮಗು, 37 ವಾರ ತುಂಬಿದೆ, ತಲೆ ಕೆಳಗಿದೆ, ನೋವು ತಾನಾಗಿ ಬಂದಿದೆ. ನಿಮ್ಮ ಪರಿಸ್ಥಿತಿ ಇದಾದರೆ "ಇಂಥವರಲ್ಲಿ ನೂರಕ್ಕೆ ಎಷ್ಟು ಜನರಿಗೆ ಸಿಸೇರಿಯನ್ ಆಗುತ್ತೆ?" ಅಂತ ಕೇಳಿ. ಲೆಕ್ಕ ಇಟ್ಟಿರುವ ಆಸ್ಪತ್ರೆ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಮಿಕ್ಕ ಪ್ರಶ್ನೆಗಳು ಸರಳ. ರಾತ್ರಿ ನೋವು ಬಂದರೆ ಯಾರು ನೋಡುತ್ತಾರೆ? ನೀವು ಊರಲ್ಲಿ ಇಲ್ಲದಿದ್ದರೆ ಯಾರು? ಅರಿವಳಿಕೆ ಡಾಕ್ಟರು, ಮಕ್ಕಳ ಡಾಕ್ಟರು ರಾತ್ರಿಯೂ ಆಸ್ಪತ್ರೆಯಲ್ಲೇ ಇರುತ್ತಾರಾ? ರಕ್ತ ಎಲ್ಲಿಂದ ಬರುತ್ತದೆ? ನೋವಿನ ಹೊತ್ತಿನಲ್ಲಿ ಓಡಾಡಬಹುದಾ, ನೀರು, ಎಳನೀರು, ಗಂಜಿ ಕುಡಿಯಬಹುದಾ? ಜೊತೆಗೆ ಒಬ್ಬರು ಇರಬಹುದಾ? ಇಲ್ಲಿ ವಿಚಿತ್ರವಾದ ಒಂದು ಸಂಗತಿ ಗಮನಿಸಿ. ಆಪರೇಷನ್‌ಗೆ ಚೆನ್ನಾಗಿ ತಯಾರಿರುವ ಆಸ್ಪತ್ರೆಯೇ ಸಹಜ ಹೆರಿಗೆಗೆ ಧೈರ್ಯವಾಗಿ ಕಾಯಬಲ್ಲದು.

ಹೆರಿಗೆ ತಜ್ಞರ ಸಂಘ ಫಾಗ್ಸಿ ಖಾಸಗಿ ಆಸ್ಪತ್ರೆಗಳಿಗೆ 'ಮಾನ್ಯತಾ' ಎಂಬ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ 16 ಮಾನದಂಡಗಳಿವೆ. ಅದಿದೆಯಾ ಅಂತ ನೋಡಬಹುದು.

ಪಕ್ಕದಲ್ಲಿ ಒಬ್ಬರು

15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡದ್ದಿದು: ನೋವಿನ ಉದ್ದಕ್ಕೂ ಪಕ್ಕದಲ್ಲಿ ಒಬ್ಬರು ಬಿಡದೆ ಇದ್ದವರಲ್ಲಿ ಸಿಸೇರಿಯನ್ ಕಡಿಮೆ, ನೋವು ತಗ್ಗಿಸುವ ಔಷಧಿ ಕಡಿಮೆ, ಹೊತ್ತೂ ಸ್ವಲ್ಪ ಕಡಿಮೆ. ಸೊಂಟ ಒತ್ತುವುದು, ನೀರು ಕುಡಿಸುವುದು, "ಆಯ್ತು, ಈ ನೋವು ಇಳೀತಾ ಇದೆ" ಅಂತ ಹೇಳುವುದು. ಇಷ್ಟೇ ಕೆಲಸ. ಇದಕ್ಕಿಂತ ಅಗ್ಗದ, ಅಡ್ಡಪರಿಣಾಮವಿಲ್ಲದ ಮದ್ದು ಇನ್ನೊಂದು ನನಗೆ ಕಾಣಿಸಿಲ್ಲ.

ನಮ್ಮ ಸೂಲಗಿತ್ತಿಯರು ಮಾಡುತ್ತಿದ್ದದ್ದರಲ್ಲಿ ಬಹುಪಾಲು ಇದೇ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ದುಡ್ಡು ಮುಟ್ಟದೆ ಮಾಡಿಸಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಗಂತ ಇವತ್ತು ಮನೆಯಲ್ಲೇ ಹೆರಿಗೆಗೆ ಹೊರಡುವುದು ಬೇಡ. ಆ ಕಾಲದಲ್ಲಿ ರಕ್ತಸ್ರಾವಕ್ಕೆ, ನಂಜಿಗೆ ಎಷ್ಟು ತಾಯಂದಿರು ಹೋದರು ಅನ್ನುವುದು ಪ್ರತಿ ಮನೆಯ ಹಿರಿಯರಿಗೂ ಗೊತ್ತು. ಆಸ್ಪತ್ರೆಯ ಒಳಗೇ ತರಬೇತಿ ಪಡೆದ ಮಿಡ್‌ವೈಫ್ ಇರುವುದು ನಡುವಿನ ದಾರಿ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಿಂದ ಇದನ್ನು ನಡೆಸುತ್ತಿದೆ. ಕೇಂದ್ರ ಸರ್ಕಾರವೂ 2018ರಲ್ಲಿ ಮಿಡ್‌ವೈಫ್ ಸೇವೆಗೆ ಮಾರ್ಗಸೂಚಿ ತಂದಿತು. ನಿಮ್ಮ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಇಲ್ಲದಿದ್ದರೆ ಅಮ್ಮನೋ, ಗಂಡನೋ, ಅತ್ತಿಗೆಯೋ ಇರಲಿ. ಹೆದರಿ ಅಳುವವರಿಗಿಂತ ಸಮಾಧಾನದವರನ್ನು ಆರಿಸಿಕೊಳ್ಳಿ.

ಒಂದು ಹಾಳೆಯಲ್ಲಿ ಬರೆಯುವುದು

ನಿಮ್ಮ ಇಷ್ಟಗಳನ್ನು ಬರೆದು ಡಾಕ್ಟರಿಗೆ ಕೊಡುವುದಕ್ಕೆ ಬರ್ತ್ ಪ್ಲ್ಯಾನ್ ಅನ್ನುತ್ತಾರೆ. ಇಂಟರ್ನೆಟ್ಟಿನಿಂದ ಇಳಿಸಿದ ನಾಲ್ಕು ಪುಟದ ಪಟ್ಟಿ ಬೇಡ. ರಾತ್ರಿ ಪಾಳಿಯ ನರ್ಸ್ ನಿಂತಲ್ಲೇ ಓದಿ ಮುಗಿಸುವಂತೆ ಒಂದು ಹಾಳೆ ಸಾಕು. 34–36ನೇ ವಾರದ ಭೇಟಿಯಲ್ಲಿ ಡಾಕ್ಟರ ಜೊತೆ ಕೂತು ಒಂದೊಂದೇ ಸಾಲು ಓದಿ. ಅವರು ಆಗುವುದಿಲ್ಲ ಅಂದದ್ದನ್ನು ಅಲ್ಲೇ ಹೊಡೆದುಹಾಕಿ. ಒಪ್ಪಿದ್ದಕ್ಕೆ ಅವರ ಸಹಿ ಹಾಕಿಸಿ ಫೈಲಿನ ಮೊದಲ ಪುಟವಾಗಿ ಸೇರಿಸಿ. ಡ್ಯೂಟಿ ಡಾಕ್ಟರು ನಿಮ್ಮ ಮಾತಿಗಿಂತ ಆ ಸಹಿಗೆ ಬೇಗ ಬೆಲೆ ಕೊಡುತ್ತಾರೆ.

ಕೇಳಬಹುದಾದ ಹಲವು ವಿಷಯಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಗಳ ಬೆಂಬಲವೇ ಇದೆ. ಅಪಾಯವಿಲ್ಲದ ಹೆರಿಗೆಯಲ್ಲಿ ಎನಿಮಾ, ಕೂದಲು ತೆಗೆಯುವುದು ಕಡ್ಡಾಯವಲ್ಲ. ಬೆಲ್ಟ್ ಕಟ್ಟಿಯೇ ಇಡುವ ಬದಲು ಆಗಾಗ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ ಡಾಪ್ಲರ್‌ನಿಂದ ಎದೆಬಡಿತ ಕೇಳಬಹುದು. ಮಲಗಿಯೇ ಹೆರಬೇಕೆಂದಿಲ್ಲ, ಪಕ್ಕಕ್ಕೆ ಹೊರಳಿ ಅಥವಾ ಕುಕ್ಕರುಗಾಲಲ್ಲಿ ಕೂತು ಮುಕ್ಕಬಹುದು. ಕೆಳಗೆ ಕತ್ತರಿಸುವುದನ್ನು ಎಲ್ಲರಿಗೂ ಮಾಡಬಾರದು, ಬೇಕಾದವರಿಗೆ ಮಾತ್ರ. ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷವಾದರೂ ಬಿಟ್ಟು ಕತ್ತರಿಸಬೇಕು, ಅಷ್ಟರಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿಯುತ್ತದೆ. ಚೆನ್ನಾಗಿರುವ ಮಗುವನ್ನು ಮೊದಲ ಒಂದು ಗಂಟೆ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗಿಸಿ ಇಡಬೇಕು.

ಎಪಿಡ್ಯೂರಲ್ ಬಗ್ಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಅದರಿಂದ ಸಿಸೇರಿಯನ್ ಹೆಚ್ಚುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ಮುಕ್ಕುವ ಹಂತ ಸ್ವಲ್ಪ ಉದ್ದವಾಗುತ್ತದೆ. ತಗೊಂಡರೆ ಸೋತಂತೆ ಅನ್ನುವ ಭಾವನೆ ಬೇಡವೇ ಬೇಡ.

ದುಡ್ಡಿನ ಮಾತು

ಪ್ಯಾಕೇಜ್ ಅಂದರೆ ಅದರೊಳಗೆ ಏನೇನು ಬರುತ್ತದೆ ಅಂತ ಬರೆಸಿಕೊಳ್ಳಿ. ನಾರ್ಮಲ್‌ನಿಂದ ಸಿಸೇರಿಯನ್‌ಗೆ ಹೋದರೆ ಎಷ್ಟು, ಎಪಿಡ್ಯೂರಲ್ ಒಳಗಾ ಹೊರಗಾ, ಮಗು ಎನ್‌ಐಸಿಯುನಲ್ಲಿ ಇದ್ದರೆ ದಿನಕ್ಕೆ ಎಷ್ಟು. ಕೊನೆಯದನ್ನು ಕೇಳಲು ಮನಸ್ಸು ಬರುವುದಿಲ್ಲ, ಆದರೂ ಕೇಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಆಸ್ಪತ್ರೆಗಳು ದರಪಟ್ಟಿ ಹಾಕಿರಬೇಕು. 2017ರ ತಿದ್ದುಪಡಿಯ ನಂತರ ದೂರು ಕೇಳಲು ಜಿಲ್ಲಾಧಿಕಾರಿ ಮುಂದಾಳತ್ವದ ಪ್ರಾಧಿಕಾರವೂ ಇದೆ.

ಇನ್ಶೂರೆನ್ಸ್‌ನಲ್ಲಿ ಹೆರಿಗೆಗೆ ಕಾಯುವ ಅವಧಿ ಇರುತ್ತದೆ. ಕೆಲವದರಲ್ಲಿ 9 ತಿಂಗಳು, ಕೆಲವದರಲ್ಲಿ 2ರಿಂದ 4 ವರ್ಷ. ಕಂಪನಿಯ ಗ್ರೂಪ್ ಪಾಲಿಸಿಗಳಲ್ಲಿ ಹೆಚ್ಚಾಗಿ ಕಾಯಬೇಕಿಲ್ಲ, ಆದರೆ ನಾರ್ಮಲ್‌ಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು ಅಂತ ಮಿತಿ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಕೂಡ ಉಚಿತ.

ಮೊದಲನೆಯದು ಸಿಸೇರಿಯನ್ ಆಗಿದ್ದರೆ

"ಒಂದ್ಸಲ ಸಿಸೇರಿಯನ್ ಆದ್ರೆ ಯಾವಾಗ್ಲೂ ಅದೇ" ಅನ್ನುವುದು ಹಳೆಯ ಮಾತು. ಸೂಕ್ತ ಅನ್ನಿಸಿದವರು ಪ್ರಯತ್ನಿಸಿದರೆ ನೂರಕ್ಕೆ ಎಪ್ಪತ್ತು ಎಪ್ಪತ್ತೈದು ಜನರಿಗೆ ಸಹಜ ಹೆರಿಗೆ ಆಗುತ್ತದೆ. ಅಪಾಯವೂ ಇದೆ. ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವುದು, ಸುಮಾರು ಇನ್ನೂರಕ್ಕೆ ಒಬ್ಬರಿಗೆ. ಅದಾದರೆ ತಕ್ಷಣ ಆಪರೇಷನ್ ಬೇಕು. ಅದಕ್ಕೇ ಇಪ್ಪತ್ತನಾಲ್ಕು ಗಂಟೆಯೂ ಥಿಯೇಟರ್, ರಕ್ತ, ಡಾಕ್ಟರು ಇರುವ ಕಡೆ ಮಾತ್ರ ಇದಕ್ಕೆ ಕೈ ಹಾಕಬೇಕು. ಔಷಧಿ ಕೊಟ್ಟು ನೋವು ಬರಿಸಿದರೆ ಆ ಅಪಾಯ ಏರುತ್ತದೆ.

ಇಲ್ಲಿ ಒಂದು ಹಾಳೆ ಚಿನ್ನದಷ್ಟು ಮುಖ್ಯ. ಮೊದಲ ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ. ಹೊಟ್ಟೆಯ ಚರ್ಮದ ಮೇಲೆ ಗಾಯ ಅಡ್ಡ ಇದ್ದ ಮಾತ್ರಕ್ಕೆ ಒಳಗೆ ಗರ್ಭಕೋಶವನ್ನೂ ಅಡ್ಡ ಕೊಯ್ದಿದ್ದರು ಅಂತ ಹೇಳಲು ಬರುವುದಿಲ್ಲ. ಅಡ್ಡ, ಕೆಳಭಾಗದಲ್ಲಿ ಕೊಯ್ದಿದ್ದರೆ ಪ್ರಯತ್ನಿಸಬಹುದು. ಉದ್ದಕ್ಕೆ ಕೊಯ್ದಿದ್ದರೆ ಬೇಡ. ಯಾಕೆ ಸಿಸೇರಿಯನ್ ಮಾಡಿದರು, ಆಗ ಬಾಯಿ ಎಷ್ಟು ತೆರೆದಿತ್ತು ಅನ್ನುವುದೂ ಅದರಲ್ಲೇ ಸಿಗುತ್ತದೆ. ಮೊದಲ ಬಾಣಂತನದಲ್ಲೇ ಆ ಕಾಗದವನ್ನು ಬೀರುವಿನಲ್ಲಿ ಜೋಪಾನ ಮಾಡಿ.

ಆ ದಿನ ಬಂದಾಗ

ಚೂರು ನೋವು ಬಂದ ಕೂಡಲೇ ಓಡಿಹೋಗಿ 2 ಸೆಂ.ಮೀ.ಗೇ ಅಡ್ಮಿಟ್ ಆದರೆ ಗಡಿಯಾರ ಆಗಲೇ ಓಡಲು ಶುರುಮಾಡುತ್ತದೆ. ಎಲ್ಲ ಸರಿಯಿದ್ದು ಮೊದಲ ಹೆರಿಗೆಯಾದರೆ, 5 ನಿಮಿಷಕ್ಕೊಮ್ಮೆ ನೋವು, ಪ್ರತಿ ನೋವೂ 1 ನಿಮಿಷ, ಹೀಗೆ 1 ಗಂಟೆ ಬಂದ ಮೇಲೆ ಹೊರಡಿ ಅಂತ ಹಲವು ಡಾಕ್ಟರು ಹೇಳುತ್ತಾರೆ. ಆಸ್ಪತ್ರೆ ದೂರವಿದ್ದರೆ, ಮಳೆಗಾಲವಾದರೆ, ಎರಡನೇ ಹೆರಿಗೆಯಾದರೆ ಬೇಗ ಹೊರಡಿ. ಮೊದಲು ಸಿಸೇರಿಯನ್ ಆಗಿದ್ದವರು ನೋವು ಶುರುವಾದ ಕೂಡಲೇ ಹೋಗಬೇಕು.

ನೀರು ಹೋದರೆ, ರಕ್ತ ಕಂಡರೆ, ಮಗುವಿನ ಒದೆತ ಕಡಿಮೆಯಾದರೆ, ಜ್ವರ ಬಂದರೆ, ತಲೆನೋವು ಜೋರಾಗಿ ಕಣ್ಣು ಮಂಜಾದರೆ ನೋವಿಗಾಗಿ ಕಾಯಬೇಡಿ. ಅರ್ಧ ರಾತ್ರಿಯಾದರೂ ಹೊರಡಿ.

ನನ್ನ ತಂಗಿಗೆ ಈಗ ಎಂಟನೇ ತಿಂಗಳು. ಈ ಸಲ ಡೈರಿಯ ಜಾಗದಲ್ಲಿ ಒಂದು ಹಾಳೆ ಇದೆ. ಮೇಲೆ ಅವಳ ರಕ್ತದ ಗುಂಪು, ಹಿಂದಿನ ಆಪರೇಷನ್‌ನ ವಿವರ. ಅದರ ಕೆಳಗೆ ಒಂಬತ್ತು ಸಾಲು. ಅದರಲ್ಲಿ ಎರಡನ್ನು ಡಾಕ್ಟರು ಹೊಡೆದುಹಾಕಿದ್ದಾರೆ, ಕಾರಣವನ್ನು ಪಕ್ಕದಲ್ಲೇ ಬರೆದಿದ್ದಾರೆ. ಹಳೆಯ ಹೊಲಿಗೆ ಇರುವುದರಿಂದ ಬೆಲ್ಟ್ ಕಟ್ಟಿಯೇ ಇರಬೇಕು ಅನ್ನುವುದು ಅದರಲ್ಲಿ ಒಂದು. ಅವಳು ಒಪ್ಪಿಕೊಂಡಿದ್ದಾಳೆ. ಮಿಕ್ಕ ಏಳಕ್ಕೆ ಸಹಿ ಬಿದ್ದಿದೆ. ಕೊನೆಯ ಸಾಲು ಅವಳೇ ಕನ್ನಡದಲ್ಲಿ ಬರೆದದ್ದು: "ಸಿಸೇರಿಯನ್ನೇ ಆದರೂ, ಮಗು ಚೆನ್ನಾಗಿದ್ದರೆ ಮೊದಲು ನನ್ನ ಎದೆಯ ಮೇಲೆ ಇಡಿ."